ಮ್ಯೂಸಿಯಂ ಪಟ್ಟಿಯಲ್ಲಿ ಸಿಕ್ಕಿಬಿದ್ದವರು

ಇವತ್ತಿನ ಪುಸ್ತಕ ಆಂಜಲೀನ್ ಬೂಲಿ ಅವರ 2023ರ ಕಾದಂಬರಿ ‘ವಾರಿಯರ್ ಗರ್ಲ್ ಅನ್‌ಅರ್ತ್ಡ್’. ಪೆರಿ, ಅಮೆರಿಕದ ಮಿಷಿಗನ್‌ನ ಒಜಿಬ್ವೆ ಬುಡಕಟ್ಟಿನ 16 ವರ್ಷದ ಹುಡುಗಿ. ತನ್ನ ಕುಲದ ಪೂರ್ವಿಕಳೊಬ್ಬಳ ಮೂಳೆಗಳು, ಅವಳ ಚಾಕು ಕಾಲೇಜೊಂದರ ಸಂಗ್ರಹದಲ್ಲಿವೆ ಅಂತ ಅವಳಿಗೆ ಗೊತ್ತಾಗುತ್ತೆ.

ನಾನು ಬಿಕಾಂ. ಇನ್ವೆಂಟರಿ ಅಂದ್ರೆ ನಂಗೆ ಗೋಡೌನಿನ ಸ್ಟಾಕ್ ಲೆಕ್ಕ. ಅಲ್ಲಿನ ಪಟ್ಟಿಯಲ್ಲಿರೋರು ಮನುಷ್ಯರು! ಅವರನ್ನು ಸಮುದಾಯಕ್ಕೆ ಹಿಂತಿರುಗಿಸೋ ಕಾನೂನು 1990ರಲ್ಲೇ ಬಂತು. ಪಟ್ಟಿ ಮಾಡೋಕೆ ಮ್ಯೂಸಿಯಂಗಳಿಗೆ 5 ವರ್ಷ ಕೊಟ್ಟಿತ್ತು. 2024ರಲ್ಲಿ ನಿಯಮ ಬಿಗಿಯಾಯ್ತು. ಪಟ್ಟಿ ಸರಿಪಡಿಸೋಕೆ ಮತ್ತೆ 5 ವರ್ಷ.

ಹಾಗಾಗಿ ಪೆರಿ ಕದಿಯೋ ಪ್ಲ್ಯಾನ್ ಹಾಕಿದಾಗ ಅವಳನ್ನ ಬೈಯೋಕೆ ನಂಗೆ ಮನಸ್ಸು ಬರಲಿಲ್ಲ. ನಮ್ಮವರನ್ನ ನಾವೇ ಮನೆಗೆ ಕರ್ಕೊಂಡು ಬಂದ್ರೆ ಅದು ಕಳ್ಳತನಾನಾ? ಓದಿ, ಹೇಳಿ.