ಇಂಗ್ಲಿಷ್ ಪದ ತಲೆಗೆ ಹತ್ತಿದ ಬಗೆ

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ಫೋನ್ ಮಾಡಿ, ‘ನಿನ್ನ ಸಾಧನೆಯ ಬಗ್ಗೆ ಹತ್ತು ನಿಮಿಷ ಮಾತಾಡಪ್ಪ’ ಎಂದರು. ನಾನು ಬಿ.ಇ. ಮಾಡಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ. ಅಂಥವರು ಈಗ ಪ್ರತಿ ಬೀದಿಯಲ್ಲೂ ಇಬ್ಬರಿದ್ದಾರೆ. ಅದರ ಬದಲು ನಾನು ಸೋತ ಒಂದು ಪರೀಕ್ಷೆಯ ಬಗ್ಗೆ, ಆ ಸೋಲಿನ ಹೊತ್ತಿನಲ್ಲಿ ಆಡಿದ ಒಂದು ತಪ್ಪು ಮಾತಿನ ಬಗ್ಗೆ ಹೇಳುತ್ತೇನೆ. ಮಕ್ಕಳಿಗೆ ಅದರಿಂದ ಹೆಚ್ಚು ಉಪಯೋಗವಾದೀತು.

ಹಿರಿಯರಿಗೆ ನೆನಪಿರಬಹುದು, ನಾನು ಏಳನೇ ತರಗತಿಯಲ್ಲಿದ್ದಾಗಿನಿಂದ ನಮ್ಮ ಬೀದಿಯ ಓದುಗ. ಸೊಸೈಟಿಯಿಂದ ನೋಟೀಸು ಬಂದರೆ, ಗೊಬ್ಬರದ ಚೀಲದ ಮೇಲೆ ಏನು ಬರೆದಿದೆ ಎಂದು ತಿಳಿಯಬೇಕಾದರೆ, ‘ಆ ಹುಡುಗನ್ನ ಕರೀರಿ’ ಎನ್ನುತ್ತಿದ್ದರು. ಅಂಥವನು ದೊಡ್ಡವನಾದ ಮೇಲೆ ಓದುವ ಪರೀಕ್ಷೆಯಲ್ಲೇ ಸೋತೆ.

ಆ ಪರೀಕ್ಷೆಯ ಹೆಸರು ಐಇಎಲ್‌ಟಿಎಸ್. ಬಾಯಿಮಾತಿನಲ್ಲಿ ‘ಐಲ್ಟ್ಸ್’ ಎನ್ನುತ್ತಾರೆ. ಹೊರದೇಶದಲ್ಲಿ ಓದಲು ಅಥವಾ ನೆಲೆಸಲು ಹೋಗುವವರಿಗೆ ಇಂಗ್ಲಿಷ್ ಎಷ್ಟು ಬರುತ್ತದೆ ಎಂದು ಅಳೆಯುವ ಪರೀಕ್ಷೆ. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಎಂದು ನಾಲ್ಕು ಭಾಗ. ಪಾಸು, ಫೇಲು ಎಂದಿಲ್ಲ. 9ರವರೆಗೆ ಬ್ಯಾಂಡ್ ಕೊಡುತ್ತಾರೆ. ಉನ್ನತ ವ್ಯಾಸಂಗಕ್ಕೆ ಹೋಗುವವರು ಬರೆಯುವ ಅಕಾಡೆಮಿಕ್ ಪರೀಕ್ಷೆಯ ಓದುವ ಭಾಗದಲ್ಲಿ ಮೂರು ದೊಡ್ಡ ಲೇಖನಗಳು, 40 ಪ್ರಶ್ನೆಗಳು, 60 ನಿಮಿಷ. ಸುಮಾರು 23 ಸರಿಯಾದರೆ 6 ಬ್ಯಾಂಡ್, ಸುಮಾರು 30 ಸರಿಯಾದರೆ 7. ಪರೀಕ್ಷೆಯ ಶುಲ್ಕ ಇವತ್ತು ಹದಿನೈದು ಸಾವಿರ ರೂಪಾಯಿಗೂ ಮೇಲೆ.

ಕೆಲಸಕ್ಕೆ ಸೇರಿ ಕೆಲವು ವರ್ಷವಾದ ಮೇಲೆ ಆಸ್ಟ್ರೇಲಿಯಾದ ವಿಶ್ವವಿದ್ಯಾಲಯವೊಂದರಲ್ಲಿ ಎಂ.ಎಸ್. ಓದುವ ಆಸೆಯಾಯಿತು. ಅವರು ಪ್ರತಿ ಭಾಗದಲ್ಲೂ ಕನಿಷ್ಠ 6 ಕೇಳಿದ್ದರು. ನನಗೆ ಉಳಿದ ಮೂರರಲ್ಲೂ ಬಂತು, ಓದುವುದರಲ್ಲಿ 5.5. ಅರ್ಧ ಬ್ಯಾಂಡಿಗೆ ಆ ಸಲದ ಪ್ರವೇಶ ತಪ್ಪಿಹೋಯಿತು. ಊರಿಗೆ ಬಂದಾಗ ಅಪ್ಪ ಕೇಳಿದರು: ‘ಓದೋದ್ರಲ್ಲೇ ಕಮ್ಮಿ ಬಂತಾ? ಊರಿಗೆಲ್ಲ ಓದಿ ಹೇಳ್ತಿದ್ದೋನು ನೀನು!’ ಅವರು ಹಂಗಿಸಲಿಲ್ಲ, ನಿಜವಾಗಿ ಆಶ್ಚರ್ಯಪಟ್ಟರು. ನನಗೆ ಮಾತ್ರ ಮುಖ ಎತ್ತಲಾಗಲಿಲ್ಲ.

ಆ ಸಂಜೆ ಅಕ್ಕ ತನ್ನ ಮಗನನ್ನು ಯಾವ ಶಾಲೆಗೆ ಸೇರಿಸಲಿ ಎಂದು ಕೇಳಿದಳು. ‘ನಮ್ಮೂರಿನ ಕನ್ನಡ ಶಾಲೆಗೆ ಮಾತ್ರ ಹಾಕಬೇಡ ಅಕ್ಕಾ. ಅಲ್ಲಿ ಓದಿದ್ದಕ್ಕೇ ನನಗೆ ಈ ಗತಿ’ ಎಂದೆ. ಅವಳು ನನ್ನ ಮಾತು ನಂಬಿ ಮಗುವನ್ನು ಪೇಟೆಯ ಶಾಲೆಗೆ ಹಾಕಿದಳು. ಆರು ವರ್ಷದ ಹುಡುಗ ಬೆಳಿಗ್ಗೆ ಏಳಕ್ಕೆ ವ್ಯಾನು ಹತ್ತತೊಡಗಿದ. ನನ್ನ ಆ ಮಾತು ಎಷ್ಟು ನಿಜ ಎಂದು ನಾನು ಯೋಚಿಸಿದ್ದು ಆಮೇಲೆ.

ಪರೀಕ್ಷೆಗೆ ನಾನು ಮಾಡಿಕೊಂಡ ತಯಾರಿ ಹೇಳುತ್ತೇನೆ, ತಪ್ಪು ಎಲ್ಲಿತ್ತು ಎಂದು ನೀವೇ ಹೇಳಿ. ಯಾರೋ ಕೊಟ್ಟ ಸಾವಿರದಿನ್ನೂರು ಕಠಿಣ ಪದಗಳ ಪಟ್ಟಿ ಸಿಕ್ಕಿತ್ತು. ಎಡಗಡೆ ಪದ, ಬಲಗಡೆ ಅರ್ಥ. ಮೂರು ತಿಂಗಳು ಬಸ್ಸಿನಲ್ಲಿ, ಕ್ಯಾಂಟೀನಿನಲ್ಲಿ ಉರು ಹೊಡೆದೆ. ‘ಲುಗೂಬ್ರಿಯಸ್’ ಎಂದರೆ ಶೋಕಭರಿತ ಎಂದು ಈಗಲೂ ನಿದ್ದೆಯಲ್ಲಿ ಹೇಳಬಲ್ಲೆ. ಆ ಪದ ಪರೀಕ್ಷೆಯಲ್ಲಿ ಬರಲಿಲ್ಲ. ಆಮೇಲೂ ನನಗೆಲ್ಲೂ ಎದುರಾಗಿಲ್ಲ.

ನನ್ನನ್ನು ಕೆಡವಿದ್ದು ನನಗೆ ಗೊತ್ತು ಎಂದುಕೊಂಡಿದ್ದ ಪದಗಳು. ‘ಅಡ್ರೆಸ್’ ಎಂದರೆ ವಿಳಾಸ ತಾನೆ? ಸಮಸ್ಯೆಯನ್ನು ‘ಅಡ್ರೆಸ್’ ಮಾಡುವುದು ಎಂದರೆ ಪರಿಹಾರಕ್ಕೆ ಕೈಹಾಕುವುದು. ‘ಸೌಂಡ್’ ಎಂದರೆ ಸದ್ದು. ‘ಸೌಂಡ್’ ಆದ ವಾದ ಎಂದರೆ ಗಟ್ಟಿಯಾದ ವಾದ. ‘ಪ್ಲಾಂಟ್’ ಗಿಡವೂ ಹೌದು, ಕಾರ್ಖಾನೆಯೂ ಹೌದು. ‘ಯೀಲ್ಡ್’ ಎಂದರೆ ನಮಗೆ ಗೊತ್ತಿರುವ ಇಳುವರಿ. ಒತ್ತಡಕ್ಕೆ ‘ಯೀಲ್ಡ್’ ಆಗುವುದು ಎಂದರೆ ಮಣಿಯುವುದು.

ಇದು ಇಂಗ್ಲಿಷಿನವರ ಕಿತಾಪತಿ ಎಂದುಕೊಳ್ಳಬೇಡಿ. ನಮ್ಮ ‘ಹಿಡಿ’ ಎಂಬ ಪದ ನೋಡಿ. ಮೀನು ಹಿಡಿಯುತ್ತೇವೆ, ಬಸ್ಸು ಹಿಡಿಯುತ್ತೇವೆ. ಮಳೆ ಹಿಡಿಯುತ್ತದೆ, ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ಮನುಷ್ಯನಿಗೆ ಹುಚ್ಚು ಹಿಡಿಯುತ್ತದೆ. ಇವನ್ನು ನಾವು ಪಟ್ಟಿ ಮಾಡಿ ಕಲಿತೆವೇ? ಮಾತಿನ ನಡುವೆ ಮತ್ತೆಮತ್ತೆ ಕೇಳಿ ಕಲಿತೆವು. ಇಂಗ್ಲಿಷ್ ಪದವನ್ನು ಮಾತ್ರ ನಾನು ಮಾತಿನಿಂದ ಕಿತ್ತು, ಒಣಗಿಸಿ, ಪಟ್ಟಿಯಲ್ಲಿ ಇಟ್ಟುಕೊಂಡಿದ್ದೆ.

ಈ ಚಾಳಿ ಎಲ್ಲಿಂದ ಬಂತು ಎಂದು ಹುಡುಕಿದರೆ ಸಿಕ್ಕಿದ್ದು ನನ್ನದೇ ಹಳೆಯ ಅಭ್ಯಾಸ. ನಮ್ಮ ಕಾಲದಲ್ಲಿ ಐದನೇ ತರಗತಿಯಲ್ಲಿ ಎಬಿಸಿಡಿ ಶುರು. ಹತ್ತನೇ ತರಗತಿಯಲ್ಲಿ ಇಂಗ್ಲಿಷ್ ಪಾಠ ಓದದೆ ಗೈಡಿನ ಉತ್ತರ ಬಾಯಿಪಾಠ ಮಾಡಿದೆ. ನಮ್ಮ ಇಂಗ್ಲಿಷ್ ಮೇಷ್ಟ್ರು ಗ್ರಂಥಾಲಯದ ಬೀರು ತೆಗೆದು ಸಣ್ಣ ಕಥೆ ಪುಸ್ತಕ ಕೊಟ್ಟರೆ, ಎರಡು ದಿನ ಚೀಲದಲ್ಲಿಟ್ಟುಕೊಂಡು ಹಾಗೇ ವಾಪಸು ಕೊಡುತ್ತಿದ್ದೆ. ತಪ್ಪು ಕನ್ನಡದ್ದಾಗಿರಲಿಲ್ಲ.

ಎರಡನೇ ಸಲ ಐದು ತಿಂಗಳು ತೆಗೆದುಕೊಂಡೆ. ಮೊದಲು, ಯಾವ ಪದ ಕಲಿಯಬೇಕು ಎಂದು ನೋಡಿದೆ. ಮೈಕೆಲ್ ವೆಸ್ಟ್ ಎಂಬವರು ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದು, ಬಂಗಾಳಿ ಮಕ್ಕಳಿಗೆ ಇಂಗ್ಲಿಷ್ ಓದುವುದನ್ನು ಕಲಿಸುವ ದಾರಿ ಹುಡುಕಿದವರು. ಅವರು 1953ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಅತಿ ಬಳಕೆಯ ಸುಮಾರು 2000 ಪದಗಳಿವೆ. ನ್ಯೂಜಿಲೆಂಡಿನ ಅವೆರಿಲ್ ಕಾಕ್ಸ್‌ಹೆಡ್ ಎಂಬವರು 35 ಲಕ್ಷ ಪದಗಳಷ್ಟು ವಿದ್ವತ್ ಬರಹ ಕೂಡಿಸಿ, ಶೋಧಿಸಿ, 2000ನೇ ಇಸವಿಯಲ್ಲಿ 570 ಪದಕುಟುಂಬಗಳ ಇನ್ನೊಂದು ಪಟ್ಟಿ ಕೊಟ್ಟರು. ಅವರು ಕೂಡಿಸಿದ ಬರಹದಲ್ಲಿ ಮೊದಲಿನ 2000 ಪದಗಳೇ ನೂರಕ್ಕೆ ಸುಮಾರು 76 ಪಾಲು, ಈ 570 ಕುಟುಂಬ ಸುಮಾರು 10 ಪಾಲು. ಎರಡೂ ಸೇರಿದರೆ 86. ನಾನು ಈ 86ನ್ನು ಬಿಟ್ಟು ‘ಲುಗೂಬ್ರಿಯಸ್’ ಹಿಂದೆ ಹೋಗಿದ್ದೆ!

ಪದಕುಟುಂಬ ಎಂದರೆ ಹೊಸದೇನಲ್ಲ. ಓದು, ಓದುಗ, ಓದಿಸು, ಓದುವಿಕೆ ಇದ್ದ ಹಾಗೆ ‘ಅನಲೈಸ್, ಅನಾಲಿಸಿಸ್, ಅನಲಿಸ್ಟ್, ಅನಲಿಟಿಕಲ್’. ಒಂದನ್ನು ಹಿಡಿದರೆ ನಾಲ್ಕು ಸಿಗುತ್ತವೆ.

ಉಳಿದ 14 ಪಾಲು ಆಯಾ ವಿಷಯದ ಪದಗಳು, ಹೆಸರುಗಳು. ಇಲ್ಲಿ ನನಗೆ ನೆರವಾದದ್ದು ಈ ಶಾಲೆಯಲ್ಲಿ ಕಲಿತ ವಿಜ್ಞಾನ ಮತ್ತು ಸಮಾಜ. ಪರೀಕ್ಷೆಯ ಲೇಖನಗಳು ಬೆಳೆ, ಹವಾಮಾನ, ಇತಿಹಾಸ, ಪ್ರಾಣಿ, ಯಂತ್ರ ಇಂಥ ವಿಷಯಗಳ ಮೇಲೇ ಹೆಚ್ಚು. ವಿಷಯ ನಮಗೆ ಗೊತ್ತು, ಅದರ ಇಂಗ್ಲಿಷ್ ಹೆಸರು ಗೊತ್ತಿಲ್ಲ, ಅಷ್ಟೆ. ‘ದ್ಯುತಿಸಂಶ್ಲೇಷಣೆ’ಯನ್ನು ವಿಜ್ಞಾನದ ಮೇಷ್ಟ್ರು ಬೋರ್ಡಿನ ಮೇಲೆ ಬಿಡಿಸಿ ಬರೆದಿದ್ದರು: ದ್ಯುತಿ ಎಂದರೆ ಬೆಳಕು, ಸಂಶ್ಲೇಷಣೆ ಎಂದರೆ ಕೂಡಿಸಿ ಕಟ್ಟುವುದು. ‘ಫೋಟೋಸಿಂಥೆಸಿಸ್’ ಬಿಡಿಸಿದರೆ ಅದೇ: ‘ಫೋಟೋ’ ಬೆಳಕು, ‘ಸಿಂಥೆಸಿಸ್’ ಸಂಶ್ಲೇಷಣೆ. ಉಷ್ಣಮಾಪಕ, ‘ಥರ್ಮಾಮೀಟರ್’. ಜೀವಶಾಸ್ತ್ರ, ‘ಬಯಾಲಜಿ’. ಜಲವಿದ್ಯುತ್, ‘ಹೈಡ್ರೋ ಎಲೆಕ್ಟ್ರಿಸಿಟಿ’. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದ ಕಥೆ ಗೊತ್ತಿರುವವನಿಗೆ ಅಣೆಕಟ್ಟಿನ ಮೇಲಿನ ಇಂಗ್ಲಿಷ್ ಲೇಖನ ಕಗ್ಗತ್ತಲಲ್ಲ. ಪ್ರಜಾವಾಣಿಯ ‘ಇಗೋ ಕನ್ನಡ’ ಅಂಕಣದಲ್ಲಿ ಪ್ರೊ. ಜಿ. ವೆಂಕಟಸುಬ್ಬಯ್ಯನವರು ಓದುಗರು ಕೇಳಿದ ಪದಗಳ ಮೂಲ, ಬಳಕೆ ವಿವರಿಸುತ್ತಿದ್ದರಲ್ಲ, ಆ ಕಣ್ಣನ್ನು ಇಂಗ್ಲಿಷಿಗೂ ತಿರುಗಿಸಿದೆ.

ಒಂದು ಎಚ್ಚರ ಮಾತ್ರ ಬೇಕು. ‘ಇನ್’ ಬಂದ ಕಡೆಯೆಲ್ಲ ‘ಅಲ್ಲ’ ಎಂದು ಅರ್ಥ ಮಾಡಬಾರದು. ಟ್ಯಾಂಕರಿನ ಮೇಲೆ ‘ಇನ್‌ಫ್ಲೇಮಬಲ್’ ಎಂದಿದ್ದರೆ ಅದು ಬೆಂಕಿ ಹತ್ತುವ ವಸ್ತುವೇ, ಬೀಡಿ ಹಚ್ಚಬೇಡಿ!

ಎರಡನೆಯದು, ಪದ ಬರೆದಿಟ್ಟುಕೊಂಡ ಕ್ರಮ. ದಿನಕ್ಕೆ ಎಂಟೇ ಪದ. ಪ್ರತಿ ಪದಕ್ಕೂ ಅಂಗೈಯಗಲದ ಒಂದು ಚೀಟಿ. ಒಂದು ಬದಿಯಲ್ಲಿ ಪದ ಸಿಕ್ಕಿದ ಇಡೀ ವಾಕ್ಯ. ಹಿಂಬದಿಯಲ್ಲಿ ಕನ್ನಡದ ಅರ್ಥ, ಅದರ ಕುಟುಂಬ, ಮತ್ತು ಅದು ಯಾವ ಪದದ ಜೊತೆ ಬರುತ್ತದೆ ಎಂಬುದು. ನಾವು ಜಡಿಮಳೆ ಎನ್ನುತ್ತೇವೆ, ಜಡಿಬಿಸಿಲು ಎನ್ನುವುದಿಲ್ಲ. ಅವರು ಮಳೆಗೆ ‘ಹೆವಿ’ ಎನ್ನುತ್ತಾರೆ, ಗಾಳಿಗೆ ‘ಸ್ಟ್ರಾಂಗ್’ ಎನ್ನುತ್ತಾರೆ. ನೆನಪಿಗೆ ನಮ್ಮ ಭಾಷೆಯ ಗಂಟು ಹಾಕಿಕೊಂಡರೂ ತಪ್ಪಿಲ್ಲ. ಒಣಭೂಮಿಗೆ ಅವರು ‘ಆ್ಯರಿಡ್’ ಎನ್ನುತ್ತಾರೆ; ನಾನು ‘ಆರಿದ ನೆಲ’ ಎಂದುಕೊಂಡೆ. ಎರಡಕ್ಕೂ ನಂಟಿಲ್ಲ, ಆದರೆ ಮರೆಯಲಿಲ್ಲ.

ಮೂರನೆಯದು ಮರೆವು. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬವರು ಅರ್ಥವಿಲ್ಲದ ಉಚ್ಚಾರಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತದೆ ಎಂದು ಅಳೆದು 1885ರಲ್ಲಿ ಪುಸ್ತಕ ಬರೆದರು. ಕಲಿತದ್ದರಲ್ಲಿ ಹೆಚ್ಚಿನದು ಮೊದಲ ದಿನವೇ ಜಾರುತ್ತದೆ. ನಡುನಡುವೆ ಬಿಡುವು ಕೊಟ್ಟು ಮತ್ತೆ ನೋಡಿದರೆ ನಿಲ್ಲುತ್ತದೆ. ಇದಕ್ಕೆ ಸೆಬಾಸ್ಟಿಯನ್ ಲೈಟ್ನರ್ ಎಂಬವರು 1972ರ ತಮ್ಮ ಪುಸ್ತಕದಲ್ಲಿ ಒಂದು ಪೆಟ್ಟಿಗೆಯ ಉಪಾಯ ಹೇಳಿದರು. ಪೆಟ್ಟಿಗೆಗೆ ಐದು ಮನೆ. ಹೊಸ ಚೀಟಿ ಮೊದಲ ಮನೆಗೆ. ಅರ್ಥ ನೆನಪಾದರೆ ಮುಂದಿನ ಮನೆಗೆ, ಮರೆತರೆ ಮತ್ತೆ ಮೊದಲ ಮನೆಗೆ. ಹಿಂದಿನ ಮನೆಗಳನ್ನು ಪದೇಪದೇ, ಮುಂದಿನವನ್ನು ಅಪರೂಪಕ್ಕೆ ನೋಡಬೇಕು. ಈ ಕೆಲಸಕ್ಕೆ ‘ಆಂಕಿ’ ಎಂಬ ಸಾಫ್ಟ್‌ವೇರ್ ಇದೆ. ನಾನು ಸಾಫ್ಟ್‌ವೇರಿನವನೇ ಆದರೂ ಬಳಸಿದ್ದು ರಟ್ಟಿನ ಚಪ್ಪಲಿ ಡಬ್ಬ. ಫೋನು ತೆಗೆದರೆ ವಾಟ್ಸಾಪಿಗೆ ಹೋಗುತ್ತಿದ್ದೆ.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು: ನಿಜವಾಗಿ ಓದುವುದು. ದಿನಕ್ಕೆ ಅರ್ಧ ಗಂಟೆ ಇಂಗ್ಲಿಷ್ ಬರಹ. ಪದಕಲಿಕೆಯನ್ನೇ ಜೀವಮಾನದ ಅಧ್ಯಯನ ಮಾಡಿಕೊಂಡ ಪಾಲ್ ನೇಷನ್ ಮತ್ತು ಜೊತೆಗಾರರು ಕಂಡುಕೊಂಡಂತೆ, ಯಾರ ಸಹಾಯವಿಲ್ಲದೆ ಒಂದು ಬರಹ ಚೆನ್ನಾಗಿ ಅರ್ಥವಾಗಬೇಕಾದರೆ ಅದರ ನೂರು ಪದಗಳಲ್ಲಿ ಸುಮಾರು 98 ಗೊತ್ತಿರಬೇಕು. ಅಂದರೆ ಐವತ್ತಕ್ಕೆ ಒಂದು ಹೊಸ ಪದ. ಐದು ಸಾಲಿಗೆ ಹತ್ತು ಹೊಸ ಪದ ಬರುವ ಪುಸ್ತಕ ಹಿಡಿದು ಕೂತರೆ ಅದು ಓದಲ್ಲ, ನಿಘಂಟಿನ ಕೂಲಿ. ಮಕ್ಕಳೇ, ಸುಲಭದ ಪುಸ್ತಕ ಓದಲು ನಾಚಿಕೆ ಬೇಡ. ನಾನು ಬಿ.ಇ. ಮುಗಿಸಿದ ಮೇಲೆ ಮಕ್ಕಳ ಕಥೆಯಿಂದ ಶುರು ಮಾಡಿದೆ.

ಹೀಗೆ ಓದುತ್ತಾ ಪರೀಕ್ಷೆಯ ಗುಟ್ಟೂ ತಿಳಿಯಿತು. ಲೇಖನದಲ್ಲಿ ರೈತರು ಬೆಳೆಯನ್ನು ‘ಅಬ್ಯಾಂಡನ್’ ಮಾಡಿದರು ಎಂದಿದ್ದರೆ ಪ್ರಶ್ನೆಯಲ್ಲಿ ‘ಗಿವ್ ಅಪ್’ ಎಂದಿರುತ್ತದೆ. ಬಿಟ್ಟರು, ತೊರೆದರು, ಕೈಬಿಟ್ಟರು ಎಂದಂತೆ. ಇನ್ನೊಂದು ಬಗೆಯ ಪ್ರಶ್ನೆಗೆ ಸರಿ, ತಪ್ಪು, ಹೇಳಿಲ್ಲ ಎಂದು ಮೂರು ಉತ್ತರ. ‘ಶಾಲೆಯ ಹಿಂದೆ ಬಾವಿ ಇದೆ’ ಎಂದು ಲೇಖನದಲ್ಲಿದೆ ಎನ್ನಿ. ಪ್ರಶ್ನೆ: ‘ಬಾವಿಯ ನೀರು ಸಿಹಿ’. ನಮ್ಮ ಶಾಲೆಯ ಬಾವಿಯ ನೀರು ಸಿಹಿ ಎಂದು ನನಗೆ ಗೊತ್ತು; ಆದರೆ ಲೇಖನ ಹೇಳಿಲ್ಲ, ಹಾಗಾಗಿ ಉತ್ತರ ‘ಹೇಳಿಲ್ಲ’. ಮೊದಲ ಸಲ ನಾನು ಹೀಗೆ ಗೊತ್ತಿದ್ದದ್ದನ್ನೆಲ್ಲ ಸೇರಿಸಿ ಕೆಟ್ಟೆ. ಕಾಗುಣಿತವೂ ಮುಖ್ಯ. ಪದ ತುಂಬುವ ಪ್ರಶ್ನೆಯಲ್ಲಿ ಒಂದಕ್ಷರ ತಪ್ಪಿದರೆ ಅಂಕ ಹೋಯಿತು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವುದನ್ನೂ ಖಾಲಿ ಬಿಡಬಾರದು.

ಎರಡನೇ ಸಲ ಓದುವುದರಲ್ಲಿ 7.5 ಬಂತು. ಅಪ್ಪನಿಗೆ ಫೋನ್ ಮಾಡಿದೆ. ‘ಹಂಗಾದ್ರೆ ಈಗ ಓದೋಕೆ ಬಂತು ಅನ್ನು’ ಎಂದು ನಕ್ಕರು. ಆಸ್ಟ್ರೇಲಿಯಾಕ್ಕೆ ಹೋಗಿ ಓದು ಮುಗಿಸಿ ಮರಳಿದ್ದೇನೆ.

ಅಕ್ಕನಿಗೆ ಹೇಳಿದ ಮಾತು ಮಾತ್ರ ಮನಸ್ಸಿನಲ್ಲಿ ಉಳಿದಿತ್ತು. ಅಕ್ಕ ಇವತ್ತು ಇಲ್ಲೇ ಕುಳಿತಿದ್ದಾಳೆ. ಅವಳ ಮುಂದೆ, ಗುರುಗಳ ಮುಂದೆ ಆ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ನಮ್ಮ ಶಾಲೆಯಲ್ಲಿ ಇಂಗ್ಲಿಷ್ ಕಲಿಕೆ ಸಾಲದು ಎಂಬುದು ನಿಜ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅದಕ್ಕೆ ಮದ್ದು ಶಾಲೆ ಬಿಡುವುದಲ್ಲ. ಕನ್ನಡದಲ್ಲಿ ವಿಷಯ ಗಟ್ಟಿಯಾಗಿ ಕಲಿತು, ಇಂಗ್ಲಿಷನ್ನು ದಿನವೂ ಸ್ವಲ್ಪ ಸ್ವಲ್ಪ ಓದುವುದು. ಪೇಟೆಯ ಶಾಲೆಯಲ್ಲೂ ಗೈಡು ಉರು ಹೊಡೆದರೆ ನನಗಾದದ್ದೇ ಆಗುತ್ತದೆ.

ಬರೀ ಮಾತಾಡಿ ಹೋಗುವುದು ಸರಿಯಲ್ಲ. ನಮ್ಮ ಬ್ಯಾಚಿನ ಗೆಳೆಯರು ಸೇರಿ ಗ್ರಂಥಾಲಯಕ್ಕೆ ಇಂಗ್ಲಿಷಿನ ಸುಲಭ ಕಥೆ ಪುಸ್ತಕಗಳನ್ನೂ ಹತ್ತು ಇಂಗ್ಲಿಷ್-ಕನ್ನಡ ನಿಘಂಟುಗಳನ್ನೂ ತಂದಿದ್ದೇವೆ. ಪ್ರತಿ ತರಗತಿಗೊಂದು ಐದು ಮನೆಯ ಪೆಟ್ಟಿಗೆಯನ್ನು ನಮ್ಮೂರಿನ ಬಡಗಿಯವರೇ ಮಾಡಿಕೊಟ್ಟಿದ್ದಾರೆ. ತಿಂಗಳಿಗೊಂದು ಶನಿವಾರ ನಾನು ಬಂದು ಚೀಟಿಗಳನ್ನು ನೋಡುತ್ತೇನೆ. ಮೇಷ್ಟ್ರೇ, ನೀವು ಕೊಟ್ಟ ಆ ಕಥೆ ಪುಸ್ತಕ ಬೀರುವಿನಲ್ಲಿ ಇನ್ನೂ ಇದ್ದರೆ ದಯವಿಟ್ಟು ಕೊಡಿ. ಈ ಸಲ ಓದಿ ಹಿಂದಿರುಗಿಸುತ್ತೇನೆ.