ಇಬ್ನೆ ಸಫಿ: ಒಬ್ಬ ಪತ್ತೇದಾರಿ ಕಾದಂಬರಿಕಾರರ ಬರವಣಿಗೆಯ ಬದುಕು
(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಪಠ್ಯಪುಸ್ತಕದ ಮರೆಯಲ್ಲಿ ಕಥೆ ಪುಸ್ತಕ ಇಟ್ಟುಕೊಂಡು ಓದುವ ಮಕ್ಕಳನ್ನು ನಾವು ಗದರಿಸುತ್ತೇವೆ. ಅದು ಪತ್ತೇದಾರಿ ಕಾದಂಬರಿಯಾದರಂತೂ ಹೇಳುವುದೇ ಬೇಡ, ಪುಸ್ತಕ ಕಪಾಟು ಸೇರುತ್ತದೆ. ಆದರೆ ಅಂಥ ಕಾದಂಬರಿ ಬರೆಯುವುದಕ್ಕೂ ಎಷ್ಟೊಂದು ಶಿಸ್ತು, ಎಷ್ಟೊಂದು ಶ್ರಮ ಬೇಕು ಎಂಬುದನ್ನು ಉರ್ದುವಿನ ಇಬ್ನೆ ಸಫಿ ಅವರ ಬದುಕು ತೋರಿಸಿಕೊಡುತ್ತದೆ. ಇಂದು ಅವರ ಬಗ್ಗೆ ನಾಲ್ಕು ಮಾತು ಹೇಳಬಯಸುತ್ತೇನೆ.

ಅವರ ನಿಜವಾದ ಹೆಸರು ಅಸ್ರಾರ್ ಅಹ್ಮದ್. 1928ರ ಜುಲೈ 26ರಂದು ಅಲಹಾಬಾದ್ ಜಿಲ್ಲೆಯ ನಾರಾ ಎಂಬ ಊರಿನಲ್ಲಿ ಹುಟ್ಟಿದರು. ತಂದೆಯ ಹೆಸರು ಸಫಿಯುಲ್ಲಾಹ್. 'ಇಬ್ನೆ ಸಫಿ' ಎಂದರೆ ಸಫಿಯ ಮಗ. ಅಂದರೆ ಜಗತ್ತಿಗೆಲ್ಲ ಪರಿಚಯವಾದ ಆ ಹೆಸರಿನಲ್ಲಿ ಅವರು ತಂದೆಯನ್ನೇ ಮುಂದೆ ನಿಲ್ಲಿಸಿದರು. ಆಗ್ರಾ ವಿಶ್ವವಿದ್ಯಾಲಯದ ಬಿ.ಎ. ಪದವೀಧರರಾದ ಅವರು ಅಲಹಾಬಾದಿನಲ್ಲಿ ಕೆಲವು ವರ್ಷ ಶಾಲಾ ಶಿಕ್ಷಕರಾಗಿದ್ದರು. ನಮ್ಮ ವೃತ್ತಿಬಾಂಧವರು ಎಂದು ನಾವು ಶಿಕ್ಷಕರು ಹೆಮ್ಮೆಪಡಬಹುದು.

ಬರಹಗಾರ ಆಕಾಶದಿಂದ ಇಳಿದು ಬರುವುದಿಲ್ಲ, ಓದಿನಿಂದ ಬೆಳೆಯುತ್ತಾನೆ. ಅಸ್ರಾರ್ ಏಳೆಂಟು ವರ್ಷದ ಹುಡುಗನಾಗಿದ್ದಾಗಲೇ 'ತಿಲಿಸ್ಮೆ ಹೋಶ್‌ರುಬಾ' ಎಂಬ ಮಾಯಾಲೋಕದ ಬೃಹತ್ ಕಥೆಯಲ್ಲಿ ಮುಳುಗಿದ್ದರು. ಮುಂದೆ 'ಅಸ್ರಾರ್ ನಾರ್ವಿ' ಎಂಬ ಹೆಸರಿನಲ್ಲಿ ಕವಿತೆ, 'ತುಗ್ರಲ್ ಫರ್ಗಾನ್' ಎಂಬ ಹೆಸರಿನಲ್ಲಿ ಹಾಸ್ಯ ಬರಹಗಳನ್ನು ಬರೆದರು. ಕವಿತೆಯಿಂದ ಭಾಷೆಯ ಹದ ಬಂತು, ಹಾಸ್ಯದಿಂದ ಲವಲವಿಕೆ ಬಂತು. ಎರಡೂ ಮುಂದೆ ಕಾದಂಬರಿಗೆ ಒದಗಿದವು.

ಪತ್ತೇದಾರಿ ಬರವಣಿಗೆಗೆ ಅವರು ಕೈಹಾಕಿದ್ದು ಒಂದು ಹಟದಿಂದ. ಸಾಹಿತ್ಯಾಸಕ್ತರ ಒಂದು ಬೈಠಕ್‌ನಲ್ಲಿ ಯಾರೋ, ಉರ್ದುವಿನಲ್ಲಿ ಅಶ್ಲೀಲ ಕಥೆಗಳು ಮಾತ್ರ ಮಾರಾಟವಾಗುತ್ತವೆ ಎಂದರಂತೆ. ಅಸ್ರಾರ್ ಅದನ್ನು ಒಪ್ಪಲಿಲ್ಲ. ವಾದ ಮಾಡಿ ಸುಮ್ಮನಾಗಲಿಲ್ಲ, ಬರೆದು ತೋರಿಸಲು ಹೊರಟರು. 1952ರ ಮಾರ್ಚ್‌ನಲ್ಲಿ ಅಲಹಾಬಾದಿನಿಂದ 'ಜಾಸೂಸಿ ದುನಿಯಾ' ಮಾಸಿಕ ಮಾಲೆ ಶುರುವಾಯಿತು. ಮೊದಲ ಕಾದಂಬರಿ 'ದಿಲೇರ್ ಮುಜ್ರಿಮ್'. ಅದರ ಕಥಾವಸ್ತು ಇಂಗ್ಲಿಷಿನಿಂದ ಪಡೆದದ್ದೆಂದು ಅವರೇ ಮುಂದೆ ಓದುಗರಿಗೆ ತಿಳಿಸಿದರು. ಆದರೆ ಎರವಲಿನಲ್ಲೇ ನಿಲ್ಲದೆ, ಬೇಗನೆ ತಮ್ಮದೇ ದಾರಿ ಮಾಡಿಕೊಂಡರು.

ಅದೇ ವರ್ಷ ಆಗಸ್ಟ್‌ನಲ್ಲಿ ಅವರು ಕರಾಚಿಗೆ ಹೋಗಿ ನೆಲೆಸಿದರು. 1955ರಲ್ಲಿ 'ಖೌಫ್‌ನಾಕ್ ಇಮಾರತ್' ಕಾದಂಬರಿಯೊಂದಿಗೆ 'ಇಮ್ರಾನ್ ಸೀರೀಸ್' ಆರಂಭವಾಯಿತು. ಗಡಿಯ ಎರಡೂ ಕಡೆ ಜನ ಹೊಸ ಪುಸ್ತಕಕ್ಕಾಗಿ ಕಾಯತೊಡಗಿದರು. ಹಿಂದಿಯಲ್ಲಿ ಫರೀದಿ 'ವಿನೋದ್' ಆದ, ಇಮ್ರಾನ್ 'ರಾಜೇಶ್' ಆದ.

ಓದುಗರನ್ನು ಅವರು ಹಿಡಿದಿಟ್ಟದ್ದು ಹೇಗೆ? ವಿದ್ಯಾರ್ಥಿಗಳು ಇದನ್ನು ಗಮನವಿಟ್ಟು ಕೇಳಬೇಕು. ಮೊದಲನೆಯದು ಪಾತ್ರಗಳು. ಕರ್ನಲ್ ಫರೀದಿ ಗಂಭೀರ, ನೀತಿವಂತ. ಜೊತೆಗಾರ ಕ್ಯಾಪ್ಟನ್ ಹಮೀದ್ ತುಂಟ. ಇಮ್ರಾನ್ ನೋಡಲು ಶುದ್ಧ ಪೆದ್ದ, ಆದರೆ ಗುಪ್ತದಳದ ಮುಖ್ಯಸ್ಥ 'ಎಕ್ಸ್ ಟೂ' ಅವನೇ! ಕೈಕೆಳಗಿನ ಹೆಚ್ಚಿನವರಿಗೂ ಅದು ತಿಳಿಯದು. ಓದುಗನಿಗೆ ಗೊತ್ತು. ಆ ಗುಟ್ಟಿನಲ್ಲಿ ಪಾಲು ಸಿಕ್ಕಿದ ಓದುಗ ಪುಸ್ತಕ ಕೆಳಗಿಡುವುದುಂಟೇ? ಎರಡನೆಯದು ಸ್ಥಳ. ಜೀರೋಲ್ಯಾಂಡ್, ಶಕ್ರಾಲ್ ಮುಂತಾದ ನೆಲಗಳನ್ನು ಕಲ್ಪನೆಯಿಂದಲೇ ಕಟ್ಟಿದರು. ಮೂರನೆಯದು ಭಾಷೆ. ಆಡುಮಾತಿಗೆ ಹತ್ತಿರವಾದ, ತಿಳಿಯಾದ ಉರ್ದು. ನಾಲ್ಕನೆಯದು ಓದುಗರೊಂದಿಗಿನ ನಂಟು. 'ಪೇಶ್‌ರಸ್' ಎಂಬ ಮುನ್ನುಡಿಯಲ್ಲಿ ಓದುಗರ ಪತ್ರಗಳಿಗೆ ಉತ್ತರಿಸುತ್ತ, ತಮಾಷೆ ಮಾಡುತ್ತ, ಕೆಲವೊಮ್ಮೆ ಪ್ರೀತಿಯಿಂದ ಗದರುತ್ತ ಮಾತಾಡುತ್ತಿದ್ದರು.

ಅವರ ದೊಡ್ಡ ಪರೀಕ್ಷೆ 1960ರಲ್ಲಿ ಬಂತು. ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಅವರನ್ನು ಹಿಡಿಯಿತು. ಸುಮಾರು ಮೂರು ವರ್ಷ ಲೇಖನಿ ನಿಂತಿತು. ಅವರದೇ ಪಾತ್ರಗಳನ್ನು ಇಟ್ಟುಕೊಂಡು, ಅವರ ಹೆಸರನ್ನೇ ಹೋಲುವ ಹೆಸರುಗಳಲ್ಲಿ ನಕಲಿ ಕಾದಂಬರಿಗಳು ಪೇಟೆಗೆ ಬಂದವು. ಚಿಕಿತ್ಸೆಯಿಂದ ಗುಣಮುಖರಾದ ಇಬ್ನೆ ಸಫಿ ಮತ್ತೆ ಮೇಜಿನ ಮುಂದೆ ಕುಳಿತರು. 1963ರ ನವೆಂಬರ್‌ನಲ್ಲಿ 'ಡೇಢ್ ಮತ್‌ವಾಲೆ' ಹೊರಬಂತು. ಭಾರತದಲ್ಲಿ ಅದನ್ನು ಬಿಡುಗಡೆ ಮಾಡಿದವರು ಲಾಲ್ ಬಹದ್ದೂರ್ ಶಾಸ್ತ್ರಿಯವರು. ಮನಸ್ಸಿಗೂ ದೇಹದಂತೆಯೇ ಕಾಯಿಲೆ ಬರುತ್ತದೆ, ಚಿಕಿತ್ಸೆಯಿಂದ ವಾಸಿಯೂ ಆಗುತ್ತದೆ. ಅದನ್ನು ಮುಚ್ಚಿಡುವ ಮನೆಗಳು ಈ ಪ್ರಸಂಗವನ್ನು ನೆನಪಿಡಲಿ.

1980ರಲ್ಲಿ, ತಮ್ಮ ಹುಟ್ಟಿದ ದಿನವಾದ ಜುಲೈ 26ರಂದೇ, ಕರಾಚಿಯಲ್ಲಿ ಅವರು ನಿಧನರಾದರು. ಎರಡು ಮಾಲೆಗಳಲ್ಲಿ ಸುಮಾರು 245 ಕಾದಂಬರಿಗಳು! ಕಾಯಿಲೆಯ ಕಾಲ ಕಳೆದರೆ ಇಪ್ಪತ್ತೈದು ವರ್ಷ. ಅಂದರೆ ವರ್ಷಕ್ಕೆ ಹತ್ತರಂತೆ. ಸ್ಫೂರ್ತಿ ಬರಲೆಂದು ಕಾಯುತ್ತಾ ಕುಳಿತವರಿಂದ ಈ ಕೆಲಸ ಆಗದು. ಅವರು ಬದುಕಿದ್ದಾಗ ಹೆಚ್ಚಿನ ವಿಮರ್ಶಕರು ಇದನ್ನು ಸಾಹಿತ್ಯವೆಂದೇ ಎಣಿಸಲಿಲ್ಲ. ಆದರೆ ಉರ್ದುವಿನ ಮಹಾನ್ ವಿಮರ್ಶಕ ಶಂಸುರ್ರಹ್ಮಾನ್ ಫಾರೂಕಿಯವರೇ ನಾಲ್ಕು ಕಾದಂಬರಿಗಳನ್ನು ಇಂಗ್ಲಿಷಿಗೆ ಅನುವಾದಿಸಿದರು. 2011ರಲ್ಲಿ ಚೆನ್ನೈಯಿಂದ ಅವು ಪ್ರಕಟವಾದವು.

ಪೋಷಕರೇ, ಇಬ್ನೆ ಸಫಿಯನ್ನು ಓದಲೆಂದೇ ಉರ್ದು ಕಲಿತೆವು ಎನ್ನುವ ಹಿರಿಯರಿದ್ದಾರೆ. ಉರ್ದುವಿಗಾಗಲಿ ಕನ್ನಡಕ್ಕಾಗಲಿ ಓದುಗರು ಹುಟ್ಟುವುದು ವ್ಯಾಕರಣದಿಂದಲ್ಲ, ಮುಂದೇನಾಯಿತು ಎಂಬ ಕುತೂಹಲದಿಂದ. ಮಕ್ಕಳ ಕೈಯ ಕಥೆ ಪುಸ್ತಕ ಕಸಿಯುವ ಮೊದಲು ನೀವೂ ಎರಡು ಪುಟ ಓದಿ ನೋಡಿ. ಒಳ್ಳೆಯದಿದ್ದರೆ ಹಿಂದಿರುಗಿಸಿ.

ವಿದ್ಯಾರ್ಥಿಗಳೇ, ನೀವು ತುಂಬಾ ಓದಿ, ದಿನಕ್ಕೊಂದು ಪುಟವಾದರೂ ಬರೆಯಿರಿ. ಕೀಳು ಅಭಿರುಚಿಗೆ ಮಣಿಯದೆಯೂ ಜನರನ್ನು ರಂಜಿಸಬಹುದೆಂದು ಒಬ್ಬ ಶಾಲಾ ಮೇಷ್ಟ್ರು ಸಾಧಿಸಿ ತೋರಿಸಿದ್ದಾರೆ. ನಿಮ್ಮಲ್ಲೂ ಅಂಥ ಹಟ ಹುಟ್ಟಲಿ ಎಂದು ಹಾರೈಸುತ್ತಾ ನನ್ನ ಮಾತು ಮುಗಿಸುತ್ತೇನೆ.