ಬಚ್ಚಿಟ್ಟ ಸಿಡಿಮದ್ದು, ಹಾರುವ ಮೂಗು

ಸಿಡಿಮದ್ದಿಗೂ ವಾಸನೆ ಇದೆ. ಅದರ ಅಣುಗಳು ಸದಾ ಗಾಳಿಗೆ ಸೇರುತ್ತಲೇ ಇರುತ್ತವೆ. ಆದರೆ ಬಲು ಜಿಪುಣತನದಿಂದ. ಸಾಧಾರಣ ಉಷ್ಣತೆಯಲ್ಲಿ ಗಾಳಿಯ ನೂರು ಕೋಟಿ ಅಣುಗಳ ನಡುವೆ ಟಿಎನ್‌ಟಿಯ ಅಣುಗಳು ಹತ್ತನ್ನೂ ಮುಟ್ಟುವುದಿಲ್ಲ. ಆರ್‌ಡಿಎಕ್ಸ್ ಆವಿ ಅದರ ಸಾವಿರದಲ್ಲೊಂದು ಪಾಲೂ ಇರದು. ಮದ್ದನ್ನು ಸುತ್ತಿ ಮಣ್ಣಲ್ಲಿ ಹೂತರೆ ಹೊರಬರುವುದು ಇನ್ನೂ ಕಡಿಮೆ. ಶ್ವಾನದಳದ ನಾಯಿಗಳಿಗೆ ಟಿಎನ್‌ಟಿ ಸಿಕ್ಕಿಬೀಳುವುದು ಎಷ್ಟೋ ಸಲ ಅದರೊಳಗೆ ಕಲ್ಮಶವಾಗಿ ಉಳಿದಿರುವ, ಬೇಗ ಆವಿಯಾಗುವ ಡೈನೈಟ್ರೋಟಾಲ್ವೀನಿನಿಂದ. ಪ್ಲಾಸ್ಟಿಕ್ ಸ್ಫೋಟಕಗಳಿಗೆ ತಯಾರಿಕೆಯಲ್ಲೇ ಒಂದು ಆವಿಯಾಗುವ ಗುರುತು ರಾಸಾಯನಿಕ ಬೆರೆಸಬೇಕೆಂದು 1991ರ ಮಾಂಟ್ರಿಯಲ್ ಒಪ್ಪಂದ ವಿಧಿಸಿದ್ದೂ ಇದಕ್ಕಾಗಿಯೇ.

ನಾಯಿಯನ್ನೂ ಮನುಷ್ಯನನ್ನೂ ಅಪಾಯದ ಜಾಗಕ್ಕೆ ಕಳಿಸದೆ ಈ ಕೆಲಸವನ್ನು ಡ್ರೋನ್‌ಗೆ ಒಪ್ಪಿಸಬಹುದೇ? ಹೊರುವ ಭಾರ ಈಗ ದೊಡ್ಡ ತೊಡಕಲ್ಲ. ಟಿಎನ್‌ಟಿ ಅಣು ತಾಗಿದೊಡನೆ ಹೊಳಪು ಮಂಕಾಗುವ ಪಾಲಿಮರ್ ಪೊರೆಯ ಸೆನ್ಸರ್‌ಗಳು ಕೈಯಲ್ಲಿ ಹಿಡಿಯುವಷ್ಟು ಚಿಕ್ಕವು. ತೊಡಕಿರುವುದು ಡ್ರೋನ್‌ನ ಸ್ವಂತ ಗಾಳಿಯಲ್ಲಿ. ಸಾಲಗುಂದ, ಸಿಂಧನೂರಿನಂಥ ಭತ್ತದ ಸೀಮೆಯಲ್ಲಿ ಔಷಧಿ ಸಿಂಪಡಿಸುವ ಡ್ರೋನ್‌ಗೆ ಆ ಗಾಳಿಯೇ ನೆರವು. ಹನಿಗಳನ್ನು ಪೈರಿನೊಳಕ್ಕೆ ಒತ್ತಿ ಇಳಿಸುತ್ತದೆ. ವಾಸನೆ ಹುಡುಕುವಾಗ ಅದೇ ಗಾಳಿ ಇದ್ದ ನಾಲ್ಕು ಅಣುಗಳನ್ನೂ ಚೆದುರಿಸಿಬಿಡುತ್ತದೆ. ಉದ್ದನೆಯ ಕೊಳವೆಯನ್ನು ಗಾಳಿಯಾಚೆ ಚಾಚುವುದು, ಇಲ್ಲವೇ ಡ್ರೋನನ್ನು ನೆಲಕ್ಕಿಳಿಸಿ, ರೆಕ್ಕೆ ನಿಲ್ಲಿಸಿ ಮಾದರಿ ಹೀರುವುದು ಇದಕ್ಕಿರುವ ದಾರಿಗಳು. ಇಳಿಸುವುದಾದರೆ ದೂರದಿಂದ ಪತ್ತೆ ಎಂಬ ಮಾತೇ ಸಡಿಲವಾಗುತ್ತದೆ.

ಆದ್ದರಿಂದ ಮೂಗನ್ನು ಬಿಟ್ಟು ಕಣ್ಣನ್ನು ನಂಬುವ ವಿಧಾನಕ್ಕೆ ಹೆಚ್ಚು ಭರವಸೆ ಇದೆ. 1928ರಲ್ಲಿ ಸಿ.ವಿ. ರಾಮನ್ ಕಂಡ ಪರಿಣಾಮವೇ ಇದಕ್ಕೆ ಆಧಾರ. ವಸ್ತುವಿನ ಮೇಲೆ ಲೇಸರ್ ಬಿದ್ದಾಗ ಚೆದುರುವ ಬೆಳಕಿನಲ್ಲಿ ತೀರ ಅಲ್ಪ ಭಾಗ ಬಣ್ಣ ಬದಲಿಸುತ್ತದೆ. ಆ ಬದಲಾವಣೆ ಪ್ರತಿ ಅಣುವಿಗೂ ಬೇರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಶಿವ ಉಮಾಪತಿ ಮತ್ತು ಸಂಗಡಿಗರು ಹಲವು ಕೋನಗಳಿಂದ ಈ ಬೆಳಕನ್ನು ಹಿಡಿದು, ಲೋಹವಲ್ಲದ ಡಬ್ಬಿಯೊಳಗೆ ಅಡಗಿದ್ದನ್ನೂ ಗುರುತಿಸುವ ವಿಧಾನವನ್ನು 2014ರಲ್ಲಿ ಪ್ರಕಟಿಸಿದರು. ಇದೇ ಸಂಸ್ಥೆ ಪುಣೆಯ ಡಿಆರ್‌ಡಿಒ ಪ್ರಯೋಗಾಲಯದೊಂದಿಗೆ ರೂಪಿಸಿದ ರೈಡರ್-ಎಕ್ಸ್ ಉಪಕರಣ 2021ರಲ್ಲಿ ಹೊರಬಂತು. ಅದರ ಹರವು ಸುಮಾರು ಎರಡು ಮೀಟರ್. ಹಾರುವ ಡ್ರೋನ್‌ನ ನಡುಕ, ಹಗಲಿನ ಬಿಸಿಲು, ಬ್ಯಾಟರಿಯ ಮಿತಿ ಇವೆಲ್ಲ ಸೇರಿದರೆ ಅಷ್ಟು ದೂರವೂ ಸುಲಭವಲ್ಲ.

ಇಸ್ರೇಲಿನ ಹೀಬ್ರೂ ವಿಶ್ವವಿದ್ಯಾಲಯದವರದು ಇನ್ನೊಂದು ಬಗೆ. ಡೈನೈಟ್ರೋಟಾಲ್ವೀನ್ ಆವಿ ತಾಗಿದರೆ ಹೊಳೆಯುವಂತೆ ಮಾರ್ಪಡಿಸಿದ ಬ್ಯಾಕ್ಟೀರಿಯಾಗಳನ್ನು ಸಣ್ಣ ಮಣಿಗಳಲ್ಲಿ ತುಂಬಿ ನೆಲದ ಮೇಲೆ ಹರಡಿದರು. 20 ಮೀಟರ್ ದೂರದಿಂದ ಲೇಸರ್ ಹಾಯಿಸಿ ಹೂತ ನೆಲಬಾಂಬಿನ ಜಾಗ ಗುರುತಿಸಿದರು. ಈ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಮಣಿ ಎರಚುವುದಕ್ಕೂ ನೋಡುವುದಕ್ಕೂ ಡ್ರೋನ್ ಒಗ್ಗುತ್ತದೆ.

ಇನ್ನು ಹುಸಿ ಸುಳಿವಿನ ಕಾಟ. ಗಣಿ ಮದ್ದಿನಲ್ಲಿ ಅಮೋನಿಯಂ ನೈಟ್ರೇಟಿನ ಪಾಲು ದೊಡ್ಡದು. ಹೊಲಕ್ಕೆ ಹಾಕುವ ಕೆಲವು ಗೊಬ್ಬರಗಳಲ್ಲೂ ನೈಟ್ರೇಟ್ ಉಂಟು. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯ ಸುತ್ತ, ಕಲ್ಲುಕ್ವಾರಿಗಳ ದಾರಿಯಲ್ಲಿ ಪರವಾನಗಿ ಪಡೆದು ಬಳಸಿದ ಮದ್ದಿನ ಧೂಳಿಗೂ ಸೆನ್ಸರ್ ಕೂಗಿಕೊಳ್ಳಬಹುದು. ಹಾಗಾಗಿ ಡ್ರೋನ್ ಕೊಡುವುದು ಪುರಾವೆಯನ್ನಲ್ಲ, ಹುಡುಕಬೇಕಾದ ಜಾಗದ ಗುರುತನ್ನು. ಅಲ್ಲಿಂದ ಮುಂದಿನ ಕೆಲಸ ಶ್ವಾನದಳ ಮತ್ತು ಬಾಂಬ್ ನಿಷ್ಕ್ರಿಯ ದಳದ್ದು.